ನಾಲ್ಕನೆಯ ಕಾಲಂ

ಬಳ್ಳಾರಿ ದಂಡಿನ ಸೆರೆ ಕ್ಯಾಂಪಿಗೆ ಗುಮಾಸ್ತ ನಾನು, ಸುಂಕಣ್ಣ.
ಹೆಸರು, ತಂದೆ, ವಯಸ್ಸು, ದೇಶ:
ಒಬ್ಬ ಸೆರೆಯಾಳಿಗೆ ಒಂದು ಸಾಲು.
ನಾಲ್ಕನೆಯ ಕಾಲಮ್ಮಿಗೆ ತಲೆ ಕೆಡಿಸಿಕೊಂಡವನಲ್ಲ.
ಮೇಲೊಮ್ಮೆ ‘ತುರ್ಕಿ’ ಅಂತ ಬರೆದು
ಕೆಳಗೆಲ್ಲ ಸದರಿ, ಸದರಿ, ಸದರಿ.
ಬಿಸಿಲಿಗೆ ದೌತಿಯಲ್ಲೇ ಶಾಯಿ ಬತ್ತುತ್ತಿತ್ತು,
ನೀರು ಬೆರೆಸಿ ಬರೆದೆ.

ಆಮೇಲೆ ಎಲ್ಲೋ ಒಂದು ಕಾಗದಕ್ಕೆ ರುಜು ಬಿತ್ತು.
ಯುದ್ಧ ನಿಂತಿತು, ಅವರ ಸುಲ್ತಾನಗಿರಿ ನಿಲ್ಲಲಿಲ್ಲ.
ಮದರಾಸಿನಿಂದ ತಂತಿ ಬಂತು:
ಸದರಿ ಇನ್ನು ನಡೆಯದು,
ಒಬ್ಬೊಬ್ಬನ ದೇಶ ಬೇರೆ ಬೇರೆ ಕಾಣಿಸತಕ್ಕದ್ದು.

ಗುಡ್ಡದ ನೆರಳು ಅಂಗಳಕ್ಕೆ ಇಳಿದ ಮೇಲೆ ಸಾಲು ನಿಲ್ಲಿಸಿದೆ.
ಯಾವೂರು? ಹಲಬ್.
ಬರೆದೆ: ಸಿರಿಯಾ.
ಅವನು ಆ ಹೆಸರನ್ನು ಬಾಯಲ್ಲಿ ತಿರುಗಿಸಿ ನೋಡಿದ,
ಇಲ್ಲಿ ಮೊದಲ ಸಲ ಮಂಡಕ್ಕಿ ತಿಂದ ದಿನದಂತೆ.
ಹಗುರ, ಉಪ್ಪುಪ್ಪು,
ಹೊಟ್ಟೆ ತುಂಬುತ್ತದೋ ಇಲ್ಲವೋ.

ಯಾಕೂಬ ಮೊಸೂಲಿನವನು.
ನನ್ನ ಮೆಟ್ಟಿನ ಉಂಗುಟ ಎರಡು ಸಲ ಹೊಲಿದುಕೊಟ್ಟವನು.
ಪಟ್ಟಿಯಲ್ಲಿ ಮೊಸೂಲೇ ಇಲ್ಲ.
ಸಾಹೇಬ ನಕಾಶೆ ನೋಡಿದ, ಪೈಪು ಕೊಡವಿದ,
ಪೆಂಡಿಂಗ್ ಅಂದ.
ಪೆನ್ಸಿಲಿನಲ್ಲಿ ಬರೆದೆ: ಇತ್ಯರ್ಥವಾಗಿಲ್ಲ.
ಏನು ಬರೆದೆ, ಅಂದ ಯಾಕೂಬ
ತನ್ನ ಹರಕು ಹಿಂದೂಸ್ತಾನಿಯಲ್ಲಿ. ಓದಿ ಹೇಳಿದೆ.
ಒಳ್ಳೇ ದೇಶವಾ? ಮಳೆ ಬರುತ್ತದಾ ಅಲ್ಲಿ?

ನಾನು ನಗಬಾರದಿತ್ತು.
ನನ್ನ ಹೆಂಡತಿಯ ತವರು ಹೊಳೆಯಾಚೆ, ನಿಜಾಮನ ಸೀಮೆ.
ಹರಿಗೋಲು ಇಳಿದದ್ದೇ ತಡ
ಜೇಬಿನ ರೂಪಾಯಿ ಹದಿನೆಂಟಾಣೆಯಾಗುತ್ತದೆ,
ಮಾತೊಂದೇ ವಟ್ಟ ಹಿಡಿಯದೆ ಚಲಾವಣೆ.
‘ಕಂಪನಿ ಅಳಿಯ ಬಂದಾನ, ನೀರು ಕೊಡ್ರೇ’
ಅಂತಾಳೆ ಅತ್ತೆ, ಪಡಸಾಲೆಯಿಂದಲೇ.

ಆ ರಾತ್ರಿ ಹಾಳೆಯ ಹಿಂಬದಿಗೆ ನನ್ನದೂ ಒಂದು ಸಾಲು ಬರೆದೆ.
ಸುಂಕಣ್ಣ. ತಂದೆ ವಣ್ಣೂರಪ್ಪ. ನಲವತ್ತೊಂದು.
ನಾಲ್ಕನೆಯದಕ್ಕೆ ಬಂದಾಗ ಲಾಟೀನಿನ ಎಣ್ಣೆ ತೀರಿತು
ಎಂದರೆ ಸುಳ್ಳಾದೀತು.
ಎಣ್ಣೆ ಇತ್ತು.

ರೈಲು ಹೊರಟಿತು. ಸಿರಿಯಾ ಹತ್ತಿತು, ಹಿಜಾಜ್ ಹತ್ತಿತು,
ಇತ್ಯರ್ಥವಾಗದವನು ಕಿಟಕಿಯಿಂದ ಕೈ ಬೀಸಿದ.
ಹನ್ನೊಂದು ಮಂದಿ ಹತ್ತಲಿಲ್ಲ.
ಜ್ವರ ಬಂದು ಮಡಿದವರು,
ಜಾಲಿಗಿಡಗಳ ಹಿಂದೆ ಮಣ್ಣಾದವರು.
ಅವರ ಸಾಲು ತಿದ್ದಲು ಹುಕುಂ ಇರಲಿಲ್ಲ.
ಅವರಿಗೆ ಈಗಲೂ ಸುಲ್ತಾನನೇ ದೊರೆ.
ಬಳ್ಳಾರಿಯ ಎರೆಮಣ್ಣಿನಲ್ಲಿ, ಆರಡಿಗೆ ಮೂರಡಿ,
ಬೀಳದೆ ಉಳಿದ ಆ ರಾಜ್ಯದ ಮೇಲೆ
ಕೌಲ್ ಬಜಾರಿನ ಆಡುಗಳು ಮೇಯುತ್ತವೆ,
ಸುಂಕ ಕೊಡದೆ.