ಷರಾ

ಎಲೆಯಾದರೆ ಔಷಧ, ಹೂವಾದರೆ ಅಪರಾಧ.
ಗಿಡ ಒಂದೇ. ನಡುವೆ ಗೇಣುದ್ದ ಕಾಂಡ,
ಮತ್ತೆ ಸರಕಾರ.

ಸದಾಶಿವ ಪೇಠೆಯ ಈ ಔಷಧದಂಗಡಿಗೆ ಸೇರಿದ ದಿನ
ಮಾಲೀಕರು ಕಲಿಸಿದ್ದು ಅಷ್ಟೇ.
ನಾನು ಅಕ್ಕಲಕೋಟೆಯವಳು. ಮನೆಯಲ್ಲಿ ಕನ್ನಡ, ಗಲ್ಲೆಯ ಮುಂದೆ ಮರಾಠಿ.
ವಿಜಯಾ ಅಂದರೆ ನನಗೆ
ರವಿಕೆ ಹೊಲಿಯುವ ನಮ್ಮ ಚಿಕ್ಕಮ್ಮ.
ಮೊದಲ ಚೀಟಿಯಲ್ಲಿ ಆ ಹೆಸರು ಕಂಡು
'ಅವರೇ ಬಂದಿದ್ದಾರಾ?' ಎಂದು ಕೇಳಿ
ನಗೆಪಾಟಲಾದೆ.

ಆ ಎಣ್ಣೆಯ ಕಪಾಟಿಗೆ ಎರಡು ಬೀಗ.
ವೈದ್ಯರ ಚೀಟಿ, ಅದರ ಮೇಲೆ ನೋಂದಣಿ ಸಂಖ್ಯೆ,
ಆಧಾರ್ ನಕಲು, ಒಯ್ಯುವವರ ಸಹಿ.
ಮೂವತ್ತು ದಿನ ದಾಟಿದರೆ ಹೊಸ ಚೀಟಿ.
ಮೊಳದುದ್ದದ ರಿಜಿಸ್ಟರು: ಬಂದದ್ದು, ಹೋದದ್ದು, ಉಳಿದದ್ದು,
ಅಂಚಿನಲ್ಲಿ ಕಿರುಬೆರಳಗಲದ ಷರಾ.
ತನಿಖೆಯವರು ಬಾಟಲಿ ಎಣಿಸುತ್ತಾರೆ,
ಚಹಾ ಕುಡಿಯುತ್ತಾರೆ,
ಮತ್ತೊಮ್ಮೆ ಎಣಿಸುತ್ತಾರೆ.

ವಸುಮತಿ ಪೋಂಕ್ಷೆ ಬರುತ್ತಿದ್ದುದು
ಇಡೀ ಪೇಠೆ ಬಾಗಿಲೆಳೆದು ಮಲಗುವುದಕ್ಕೆ
ಹತ್ತು ನಿಮಿಷ ಮುಂಚೆ.
ಯಜಮಾನರು ಅಬಕಾರಿ ಇಲಾಖೆಯಿಂದ ನಿವೃತ್ತರು.
ಜಳಗಾವಿನ ಕಡೆ, ಬಾಳೆಯ ಸಾಲುಗಳ ಮರೆಯಲ್ಲಿ ಬೆಳೆದದ್ದನ್ನು
ಬೇರುಸಹಿತ ಕೀಳಿಸಿ, ಒಟ್ಟಿ, ಬೆಂಕಿ ಇಡಿಸಿ
ಹೊಗೆಗೆ ಬೆನ್ನು ಕೊಟ್ಟು ಪಂಚನಾಮೆ ಬರೆದವರು.
ಈಗ ಅವರ ಎಲುಬಿನಲ್ಲಿ ಕ್ಯಾನ್ಸರ್.
ಹೊತ್ತು ಹೊತ್ತಿಗೆ ನಾಲಿಗೆಯಡಿ ನಾಲ್ಕು ಹನಿ.

'ಯಾವ ಎಣ್ಣೆ ಅಂತ ಕೇಳ್ತಾರೆ. ನೆಲ್ಲಿಕಾಯಿದು ಅಂತೀನಿ.'
'ವಾಸನೆ ಗೊತ್ತಾಗಲ್ವಾ?'
'ಗೊತ್ತಾಗದವರ ಹಾಗೆ ಬಾಯಿ ತೆರೀತಾರೆ.'

ಜುಲೈಯ ಒಂದು ಗುರುವಾರ
ಚೀಟಿಗೆ ಮೂವತ್ತೊಂದು ದಿನ.
ವೈದ್ಯರು ಸಾತಾರಕ್ಕೆ ಹೋಗಿದ್ದರು, ಫೋನು ಬಡಿದು ಬಡಿದು ಸುಮ್ಮನಾಯಿತು.
ಕಪಾಟು ನನ್ನ ಬೆನ್ನಿಗೆ ತಾಗಿತ್ತು. ಬೀಗದ ಕೈ ಸೊಂಟದಲ್ಲಿ.
ಕೊಡಲಿಲ್ಲ.
ಅವರು ಜಗಳವಾಡಲಿಲ್ಲ.
'ನಿನ್ನ ಜಾಗದಲ್ಲಿ ನಮ್ಮವರಿದ್ದರೂ ಕೊಡ್ತಿರಲಿಲ್ಲ'
ಎಂದು ಕೊಡೆ ಬಿಡಿಸಿಕೊಂಡು ಇಳಿದರು.

ಸೋಮವಾರ ಹೊಸ ಚೀಟಿ ಬಂತು. ಕೊಟ್ಟೆ, ಸಹಿ ಹಾಕಿಸಿಕೊಂಡೆ.
ನಡುವಿನ ನಾಲ್ಕು ರಾತ್ರಿ
ಯಾವ ಪುಟದಲ್ಲೂ ಇಲ್ಲ.

ಹದಿನೇಳನೆಯ ದಿನ ಬಂದರು,
ಕೈಯಲ್ಲಿ ಚೀಟಿ ಇರಲಿಲ್ಲ.
ಕರವಸ್ತ್ರ ಬಿಚ್ಚಿ ಬಾಟಲಿಯನ್ನು ಗಾಜಿನ ಮೇಲೆ ನಿಲ್ಲಿಸಿದರು.
ಮುಕ್ಕಾಲು ಹಾಗೇ ಇತ್ತು.
'ಲೆಕ್ಕದ ಸಾಮಾನು. ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ ಅಲ್ವಾ?'

ಬಂದದ್ದು: ಅದು ಕಂಪನಿಯಿಂದ ಬಂದರೆ.
ಹೋದದ್ದು: ಹೋಗಿಯಾಗಿದೆ.
ಉಳಿದದ್ದು ಎಂಬಲ್ಲಿ ಬರೆದರೆ
ಮುಂದಿನ ಪುಟವೆಲ್ಲ ತಪ್ಪುತ್ತದೆ.
ಮರಳಿ ತಂದದ್ದಕ್ಕೆ ಕಾಲಮ್ಮೇ ಇಲ್ಲ.

ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ.
ಷರಾದ ಇಕ್ಕಟ್ಟಿನಲ್ಲಿ ಕೊನೆಗೆ ಕನ್ನಡದಲ್ಲಿ ಬರೆದೆ:
ಒಂದು ದಿನ ತಡ.

ಶ್ರಾವಣದಲ್ಲಿ ತನಿಖೆಯವರು ಬಂದರು.
ಎಣಿಸಿದರು. ಆ ಸಾಲಿನ ಮೇಲೆ ಬೆರಳಿಟ್ಟು
ಇದ್ಯಾವ ಲಿಪಿ, ಏನಿದು ಎಂದರು.

ಚಹಾ ತರಿಸಿದೆ.