ಹನ್ನೊಂದೇ ಗಲಾಸು

ಹತ್ತಕ್ಕ ಬರ್ತೀವಿ ಅಂದಿದ್ರು ಹಾಡೋ ಹುಡುಗರು.
ಹತ್ತು ಅಂದ್ರ ಬೀದರದಾಗ
ಒಂದೂ ಆಗ್ತದ, ಎರಡೂ ಆಗ್ತದ.
ಮಂಗಲಪೇಟದಾಗ ನಮ್ಮ ಓಣಿನೇ ಕಡೀದು,
ಅಲ್ಲೀತನ ಮನಿಗೊಂದು ಹಾಡು, ಮನಿಗೊಂದು ಪ್ರಾರ್ಥನಿ,
ಮನಿಗೊಂದು ತಾಟು ಚೂಡಾ.

ಮಾಳಿಗಿ ಮ್ಯಾಲ ಗಳಕ್ಕ ಚುಕ್ಕಿ ಕಟ್ಟಿದ್ರು ನಮ್ಮವರು.
ಹೋದ ವರ್ಷ ಮಂಗ್ಯಾ ಜಗ್ಗಿ ಅದರ ಒಂದು ಮೂಲಿ ಹರಿದಿತ್ತು.
ಯಾರದೋ ಲಗ್ನಪತ್ರಿಕಾದ ಕೆಂಪು ಹಾಳಿ ಹಚ್ಚಿದ್ದೆ ಅಲ್ಲಿ.
ಬಲ್ಬು ಹತ್ತಿದಾಗ
ವರನ ಹೆಸರು ತಲಿಕೆಳಗ ಕಾಣ್ತದ.

ಥಂಡಿ ಅಂದ್ರ ಅಂಥಾ ಥಂಡಿ,
ಕೊಬ್ಬರಿ ಎಣ್ಣಿ ಕಲ್ಲಾಗಿ ಕುಂತದ ಕಿಡಕ್ಯಾಗ.
ಅತ್ತಿ ಎರಡು ಸ್ವೆಟರ್ ಹಾಕ್ಕೊಂಡು
ಮಾವನ ಮಫ್ಲರ್ ಕಿವಿಗೆ ಸುತ್ತಿ
ಕರ್ಚಿಕಾಯಿ ಎಣಸ್ತಾಳ: ನೂರಾ ನಾಲ್ಕು.
ಮತ್ತೊಮ್ಮೆ ಎಣಸ್ತಾಳ: ನೂರಾ ಎರಡು.
ನನ್ನ ಮಗಳು ಸಲೋಮಿ
ಬಾಯಿ ತೆರೀಲಾರದ ಗ್ವಾಡಿ ನೋಡ್ತಾಳ.

'ಈ ಸಲ ನಾ ಮಲಗಂಗೇ ಇಲ್ಲ' ಅಂತ ಆಣಿ ಮಾಡಿದಾಕಿ,
ಹನ್ನೊಂದಕ್ಕ ಕುಂತಲ್ಲೇ ತೂಗಿದ್ಳು,
ಹನ್ನೊಂದೂವರಿಗೆ
ಕೌದಿ ಹೊರಗ ಬರೇ ಜಡಿ ಉಳೀತು.

ಎರಡಕ್ಕ ಹತ್ತು ಕಮ್ಮಿ ಇದ್ದಾಗ
ಓಣಿ ಮೂಲ್ಯಾಗ ಢೋಲಕ್ ಕೇಳ್ತು.
ಹತ್ತು ಮಂದಿ ಬರಬಹುದು ಅಂದಿದ್ದೆ, ಬಂದವ್ರು ನಲವತ್ತು.
ಕೆಂಪು ಟೊಪ್ಪಿಗಿ, ಹತ್ತಿ ಗಡ್ಡ,
ಗಡ್ಡದೊಳಗಿಂದ ಒಬ್ಬ ಕೆಮ್ಮತಾನ.
ಮನ್ಯಾಗ ಗಲಾಸು ಹನ್ನೊಂದೇ.

ಹಿತ್ತಲ ಗ್ವಾಡಿಗೆ ನಿಂತು ಸಣ್ಣ ದನಿಲೆ ಕರೆದೆ.
ಜುಬೇದಾ ಆಪಾ ನಿದ್ದಿಗಣ್ಣಾಗೇ ಆರು ಕೊಟ್ಳು.
ಕಾಶಮ್ಮ ಎಂಟು.
ಮ್ಯಾಲಿನ ಮನಿ ಮಾಸ್ತರ ಹೇಂತಿ
ಏನು ಎತ್ತ ಕೇಳಲಾರದ
ಬಕೀಟ್ ತುಂಬಾ ಇಳಿಸಿದ್ಳು, ಹಗ್ಗ ಕಟ್ಟಿ.

ಶುಂಠಿ ಹೆಚ್ಚಾತು ಛಾದಾಗ. ಇರಲಿ, ಥಂಡಿಗೆ ಛಲೋ.
ಪ್ರಾರ್ಥನಿ ನಡುವೇ ಹಾಲು ಉಕ್ಕಿತು,
ನಾ ಕಣ್ಣು ಮುಚ್ಚಿಕೊಂಡೇ ಒಲಿಕಡಿ ಓಡಿದೆ ಅಂತ
ನಮ್ಮವರು ಇನ್ನೂ ಹೇಳಿ ಹೇಳಿ ನಗ್ತಾರ.
ಖರೇ ಅಂದ್ರ ಒಂದೇ ಕಣ್ಣು ಮುಚ್ಚಿದ್ದೆ.

ಸಲೋಮಿ ಏಳಲಿಲ್ಲ.
ಅಕಿ ಕಿವಿ ಹತ್ರನೇ ಢೋಲಕ್ ಬಡಿದ್ರು,
ಕೌದ್ಯಾಗ ಇನ್ನಷ್ಟು ಒಳಗ ಸರಿದ್ಳು,
ಮುಟಗಿ ಬಿಚ್ಚಲಾರದ.
ಮುಟಗ್ಯಾಗ ಅರ್ಧ ಕರ್ಚಿಕಾಯಿ.

ಮುಂಜಾನಿ ಅಕಿ ಅಳೋದು ಮುಗಿಯೋತನ ಕಾದು,
ಅಂಗಳದ ಬಿಸಿಲಿಗೆ ಕುಂತು
ಗಲಾಸು ಬ್ಯಾರಿ ಬ್ಯಾರಿ ಮಾಡಿದ್ವಿ, ತಳದ ಹೆಸರು ಓದಿ.
ಓದೋ ಕೆಲಸ ಅಕೀದು. ಮೂಗು ಒರಸ್ಕೋತ ಒಂದೊಂದೇ ಅಕ್ಷರ:
'ಕಾಶಮ್ಮ ಗಂಡ ಶರಣಪ್ಪ.'
'ಗೃಹಪ್ರವೇಶದ ನೆನಪಿಗೆ.'
'ಹಳ್ಳಿಖೇಡ ಮಾಮಾನ ಕಡಿಂದ.'
ಉರ್ದುದಾಗ ಇದ್ದವು ಓದಲಿಕ್ಕೆ ಬರಂಗಿಲ್ಲ,
ಹಂಗಾಗಿ ಅವು ಆಪಾವೇ.

ಕಾಶಮ್ಮನ ಎಂಟರಾಗ ಒಂದು ಹಳೇದು,
ಅಂಚು ಸ್ವಲ್ಪ ನೆಗ್ಗಿದ್ದು.
'ರೂ... ತ... ಮ್ಮ,' ಸಲೋಮಿ ತಲಿ ಎತ್ತಿದ್ಳು,
'ಆಯಿ, ಇದು ನೀನೇ!'

ಅತ್ತಿ ಕನ್ನಡಕ ಒರಸಿ ನೋಡಿದ್ಳು. ಅಕೀದೇ ಹೆಸರು, ಕೆಳಗ ೧೯೭೯.
ಯಾವ ಕ್ರಿಸ್ಮಸ್ಸಿಗೆ ಉಂಡಿ ತುಂಬಿಕೊಂಡು ಹೋಗಿತ್ತೋ,
ಯಾವ ಎಳ್ಳಮಾಸಿ ಭಜ್ಜಿ ಜೋಡಿ
ಹೊಳ್ಳಿ ಬರೋದು ಮರೀತೋ.
'ನಮ್ಮ ಗಲಾಸು ನಾವೇ ಕಡಾ ತಂದೀವಿ ನೋಡವಾ,'
ಅಂತ ನಕ್ಕಳು, ಕೆಮ್ಮು ಬರೋಮಟ.

'ಇಟ್ಕೋರಿ ಅತ್ತಿ, ಹನ್ನೆರಡು ಆಗ್ತಾವ,' ಅಂದೆ ನಾ.
ಅತ್ತಿ ಮಾತಾಡಲಿಲ್ಲ.
ಒಂದೊಂದು ಗಲಾಸಿನ್ಯಾಗ ಒಂದೊಂದು ಕರ್ಚಿಕಾಯಿ ನಿಂದ್ರಿಸಿದ್ಳು,
ನೆಗ್ಗಿದ್ದರಾಗ ಎರಡು ತುರುಕಿ
ಕಾಶಮ್ಮನ ಎಂಟರ ನಡುವೇ ಇಟ್ಟಳು.
'ಅಲ್ಲಿ ರೂಢಿ ಆಗ್ಯದ ಅದಕ್ಕ.'

ಪರಾತ ಎತ್ತಿಕೊಂಡು ಸಲೋಮಿ ಹೊಂಟಳು,
ಹೆಜ್ಜಿಗೊಮ್ಮೆ ಗಲಾಸು ಕಿಣಿಕಿಣಿ.
ಓಣಿ ತಿರುವಿನ್ಯಾಗ ಒಂದು ಗಳಿಗಿ ನಿಂತಳು, ಬೆನ್ನು ನಮ್ಮ ಕಡಿ.
ಎರಡಿದ್ದಲ್ಲಿ ಒಂದಾಗಿರಬೇಕು.

ಮಾಳಿಗಿ ಮ್ಯಾಲ ಚುಕ್ಕಿ ಇನ್ನೂ ಉರೀತಿತ್ತು ಬಿಸಿಲಾಗ.
ಬಟನ್ ಆರಿಸೋದು ಯಾರಿಗೂ ನೆನಪಿಲ್ಲ.