ಕ್ರಮಸಂಖ್ಯೆ ನಲವತ್ತೇಳು

ಶಿಡ್ಲಘಟ್ಟದ ಓಣಿಯಲ್ಲಿ, ಬೇಸಿನ್ನಿನ ಕುದಿನೀರಿಂದ
ಕೈ ಎತ್ತಿ, ದುಪಟ್ಟಾಕ್ಕೆ ಒರೆಸಿ
ಖಮರುನ್ನೀಸಾ ಹೆಬ್ಬೆಟ್ಟು ಚಾಚಿದಳು.

ಸಮ್ಮತಿ ಪತ್ರ. ನಾನೇ ಓದಿ ಹೇಳಿದೆ:
ಯಾವಾಗ ಬೇಕಾದರೂ ನೀವು ಬಿಟ್ಟು ಹೋಗಬಹುದು.
"ಎಲ್ಲಿಂದ?" ಅಂದಳು.
ಅಧ್ಯಯನದಿಂದ, ಅಂದೆ.
"ಓ, ಅದಾ."

ಒತ್ತಿದರೆ ಗೆರೆಯಿಲ್ಲ, ಸುಳಿಯಿಲ್ಲ,
ಕಾಗದದ ಮೇಲೆ ನೇರಳೆ ಬಣ್ಣದ್ದೊಂದು ಗೂಡು.
"ರೇಷನ್ ಅಂಗಡಿ ಮಿಷಿನ್ನೂ ಹಿಂಗೇ, ನನ್ನ ಗುರುತು ಹಿಡಿಯಲ್ಲ.
ಹತ್ತೊಂಬತ್ತು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ್ದು.
ಎಳೆ ಬಂತು, ಗೆರೆ ಹೋಯ್ತು."

ಆಮೇಲೆ ಉಸಿರು.
ಪ್ಲಾಸ್ಟಿಕ್ ಕೊಳವೆ ಬಾಯಿಗೆ ಕೊಟ್ಟು
ಊದಿ, ಅಂದೆ, ಒಂದೇ ಏಟಿಗೆ.
ಮುಳ್ಳು ಇನ್ನೂರ ಹತ್ತರಲ್ಲಿ ನಿಂತಿತು.
ಮೂರು ಸಲ ಊದಬೇಕು, ನಿಯಮ.
ಮೂರನೆಯದಕ್ಕೆ ಕೆಮ್ಮು. ಕೆಮ್ಮಿಗೆ ಕಾಲಂ ಇತ್ತು;
ಕೆಮ್ಮಿನ ನಡುವೆ ಬಂದ ನಗುವಿಗೆ ಇರಲಿಲ್ಲ.

"ಪಾಸಾ, ಫೇಲಾ?"
ಇದು ಆ ಥರ ಪರೀಕ್ಷೆ ಅಲ್ಲ...
"ಹಂಗಾದ್ರೆ ನೀನು ಊದು."
ಊದಿದೆ. ನಾನೂರ ಇಪ್ಪತ್ತು.
ಪಕ್ಕದ ಬೇಸಿನ್ನಿನ ಹುಡುಗಿ ಚಪ್ಪಾಳೆ ಹೊಡೆದಳು.
ನಮ್ಮಿಬ್ಬರದೂ ಒಂದೇ ವಯಸ್ಸು,
ಮೊದಲ ಪುಟದಲ್ಲಿ ನಾನೇ ಬರೆದಿದ್ದೆ.

ಕೊಡೆಗೆ, ಕೂದಲಿಗೆ, ಫೈಲಿಗೆ
ಎರಡು ದಿನ ಹುಳು ಬೆಂದ ವಾಸನೆ.

ಸೋಮವಾರ ವಿಭಾಗದಲ್ಲಿ ಗೈಡು
ಹಾಳೆಗಳನ್ನು ಒಂದೊಂದೇ ತಿರುವಿ, ತಡೆದು,
ಬೆಳಕಿಗೆ ಹಿಡಿದು ನೋಡಿದರು:

"ನಲವತ್ತೇಳರದ್ದು ಇಂಕು ಕಲಸಿಹೋಗಿದೆಯಲ್ಲಮ್ಮ,
ಇನ್ನೊಂದ್ಸಲ ಹೋಗಿ
ಸರಿಯಾಗಿ ಒತ್ತಿಸಿಕೊಂಡು ಬಾ."